ಒಂದೇ ಬ್ಯಾಗು, ನಾಲ್ಕು ಅಳತೆ: ಗಾಲ್ಫ್ ಕ್ಲಬ್ಬನ್ನು ನಮಗೆ ಹೊಂದಿಸಿಕೊಂಡ ಬಗೆ

ನಾವು ನಾಲ್ಕು ಜನ. ರುಮೈಥಿಯಾದ ಅಕ್ಕಪಕ್ಕದ ಬ್ಲಾಕುಗಳಲ್ಲಿ ನಮ್ಮ ಮನೆಗಳು. ಎರಡು ವರ್ಷದ ಹಿಂದೆ ಪರಿಚಯದ ಅಂಕಲ್ ಒಬ್ಬರು ಕೆಲಸ ಮುಗಿಸಿ ಬೆಂಗಳೂರಿಗೆ ವಾಪಸ್ ಹೊರಟಾಗ, "ಸಾಗಿಸೋ ಖರ್ಚು ಜಾಸ್ತಿ, ನೀವೇ ಆಡ್ಕೊಳ್ಳಿ" ಅಂತ ತಮ್ಮ ಗಾಲ್ಫ್ ಬ್ಯಾಗನ್ನು ನಮಗೆ ಬಿಟ್ಟುಹೋದರು. ನಮಗೋ ಖುಷಿಯೋ ಖುಷಿ. ನಮ್ಮಲ್ಲಿ ಒಬ್ಬಳು ಐದು ಅಡಿ ಒಂದು ಇಂಚು, ಒಬ್ಬ ಆರು ಅಡಿ ಒಂದು ಇಂಚು, ಉಳಿದಿಬ್ಬರು ಸರಿಯಾಗಿ ಐದು ಅಡಿ ಎಂಟು. ನಾಲ್ವರಿಗೂ ಅದೇ ಸೆಟ್ಟು.

ಮೂರು ತಿಂಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಗಿಡ್ಡ ಗೆಳತಿ ಹೊಡೆದದ್ದೆಲ್ಲ ಎಡಕ್ಕೆ, ಉದ್ದ ಗೆಳೆಯ ಹೊಡೆದದ್ದೆಲ್ಲ ಬಲಕ್ಕೆ. ಅವನಿಗೆ ಬೆನ್ನು ನೋವು ಬೇರೆ. ಅವಳಂತೂ "ನನಗೆ ಇದು ಆಗೋದಲ್ಲ ಬಿಡ್ರೋ" ಅಂತ ಬರೋದನ್ನೇ ನಿಲ್ಲಿಸಿದಳು. ತಪ್ಪು ತನ್ನದೇ ಅಂದುಕೊಂಡಿದ್ದಳು. ನಾವೂ ಹಾಗೇ ಅಂದುಕೊಂಡಿದ್ದೆವು. ಆಮೇಲೆ ಒಂದು ದಿನ ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದು ಅಳೆದಾಗ ಗೊತ್ತಾಯಿತು, ತಪ್ಪು ಬ್ಯಾಗಿನದು.

ಊರಲ್ಲಿ ಚಿನ್ನಿದಾಂಡು ಆಡುವಾಗ ದಾಂಡನ್ನು ನಮ್ಮ ಕೈಗೆ ತಕ್ಕಂತೆ ಕಡಿದುಕೊಳ್ಳುತ್ತಿದ್ದೆವಲ್ಲ, ಅಣ್ಣನ ದಾಂಡು ತಮ್ಮನಿಗೆ ಭಾರ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿಯೂ ಅದೇ ಲೆಕ್ಕ. ಅದನ್ನು ನಾವು ಕಲಿತ ಕ್ರಮದಲ್ಲೇ ಬರೆಯುತ್ತೇವೆ.

ಮೊದಲು ಉದ್ದ

ಕ್ಲಬ್ಬಿನ ಉದ್ದಕ್ಕೆ ನಮ್ಮ ಎತ್ತರವೊಂದೇ ಸಾಲದು. ಶೂ ಹಾಕಿಕೊಂಡು, ಕೈ ಸಡಿಲ ಬಿಟ್ಟು ನೇರ ನಿಂತು, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಅಳೆಯಬೇಕು. ಈ ಅಳತೆ ಸುಮಾರು 34ರಿಂದ 36 ಇಂಚು ಇದ್ದರೆ ಗಂಡಸರ ಸಾಮಾನ್ಯ ಸೆಟ್ಟು ಹೊಂದುತ್ತದೆ. ಅಂಥ ಸೆಟ್ಟಿನಲ್ಲಿ ಏಳನೇ ಐರನ್ ಹೆಚ್ಚುಕಡಿಮೆ 37 ಇಂಚು. ಹೆಂಗಸರ ಸೆಟ್ಟಿನಲ್ಲಿ ಅದು ಸುಮಾರು ಒಂದು ಇಂಚು ಗಿಡ್ಡ, ತೂಕವೂ ಕಡಿಮೆ.

ಅಳೆದು ನೋಡಿದರೆ ಗೆಳತಿಯದು ಇಪ್ಪತ್ತೊಂಬತ್ತೂವರೆ ಇಂಚು. ಅಂದರೆ ಅವಳು ಇಷ್ಟು ದಿನ ಅಪ್ಪನ ಪ್ಯಾಂಟು ಹಾಕಿಕೊಂಡು ಓಡಿದ ಹಾಗೆ ಆಡಿದ್ದಳು. ನಮಗೆ ಇನ್ನೂ ಆಶ್ಚರ್ಯ ಆಗಿದ್ದು ಐದು ಅಡಿ ಎಂಟು ಇಂಚಿನ ಇಬ್ಬರದ್ದು. ಎತ್ತರ ಒಂದೇ, ಮಣಿಕಟ್ಟಿನ ಅಳತೆಯಲ್ಲಿ ಒಂದೂವರೆ ಇಂಚು ವ್ಯತ್ಯಾಸ! ಒಬ್ಬನ ಕೈ ಉದ್ದ. ಅದಕ್ಕೇ ಎತ್ತರ ಕೇಳಿ ಸೆಟ್ಟು ಕೊಡುವವರನ್ನು ಪೂರ್ತಿ ನಂಬಬೇಡಿ.

ಆಮೇಲೆ ಕೋನ

ಎಡಕ್ಕೆ, ಬಲಕ್ಕೆ ಹೋಗುವ ಗುಟ್ಟು ಇರುವುದು ಲೈ ಆಂಗಲ್‌ನಲ್ಲಿ. ಕ್ಲಬ್ಬಿನ ತಳ ನೆಲಕ್ಕೆ ಚಪ್ಪಟೆಯಾಗಿ ಕೂತಾಗ ಕೋಲು ನೆಲದೊಂದಿಗೆ ಮಾಡುವ ಕೋನ ಅದು. ಏಳನೇ ಐರನ್‌ಗೆ ಸಾಮಾನ್ಯವಾಗಿ 62, 63 ಡಿಗ್ರಿ. ಗಿಡ್ಡ ಇರುವವರು ಉದ್ದದ ಕ್ಲಬ್ ಹಿಡಿದರೆ ಕೈ ಕೆಳಗಿರುತ್ತದೆ, ಕ್ಲಬ್ಬಿನ ಮೂತಿ ಮೇಲೇಳುತ್ತದೆ, ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತದೆ. ಬಲಗೈಯವರಿಗೆ ಚೆಂಡು ಎಡಕ್ಕೆ. ಎತ್ತರದವರಿಗೆ ಇದರ ಉಲ್ಟಾ: ಮೂತಿ ನೆಲಕ್ಕೆ ಕಚ್ಚುತ್ತದೆ, ಚೆಂಡು ಬಲಕ್ಕೆ. ಎಡಗೈಯವರು ದಿಕ್ಕು ತಿರುಗಿಸಿ ಓದಿಕೊಳ್ಳಿ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಳಿಹಲಗೆಗೆ ಬರೆಯುವ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪ ಗೆರೆ ಎಳೆಯಿರಿ. ಗೆರೆ ನೇರ ನಿಂತು ಕ್ಲಬ್ಬಿನ ಮುಖಕ್ಕೆ ಎದುರಾಗಿರುವಂತೆ ಚೆಂಡಿಟ್ಟು ಹೊಡೆಯಿರಿ. ಗೆರೆ ಕ್ಲಬ್ಬಿನ ಮುಖಕ್ಕೆ ಅಂಟುತ್ತದೆ. ನೆಟ್ಟಗಿದ್ದರೆ ಕೋನ ಸರಿ. ಗೆರೆಯ ಮೇಲ್ತುದಿ ಮೂತಿಯ ಕಡೆ ವಾಲಿದ್ದರೆ ಕೋನ ನಿಮಗೆ ಜಾಸ್ತಿ, ಹಿಮ್ಮಡಿಯ ಕಡೆ ವಾಲಿದ್ದರೆ ಕಡಿಮೆ. ಹತ್ತು ಸಲ ಹೊಡೆದು ನೋಡಿ. ಒಂದೆರಡು ಹೊಡೆತದಲ್ಲಿ ತೀರ್ಮಾನ ಬೇಡ.

ಅಮೆರಿಕದ ಪಿಂಗ್ ಕಂಪನಿ ಐರನ್‌ಗಳ ಮೇಲೆ ಬಣ್ಣದ ಚುಕ್ಕೆ ಇಡುವುದು ಈ ಕೋನವನ್ನು ತಿಳಿಸಲೆಂದೇ. ಕಪ್ಪು ಚುಕ್ಕೆ ಅಂದರೆ ಸಾಮಾನ್ಯ ಕೋನ. ಹಳೆಯ ಸೆಟ್ಟು ಕೊಳ್ಳುವಾಗ ಚುಕ್ಕೆ ನೋಡಿ ಕೊಳ್ಳಿ.

ಕೊನೆಗೆ ಕೋಲು ಮತ್ತು ಹಿಡಿ

ಉದ್ದ ಮತ್ತು ಕೋನ ಮೈಕಟ್ಟಿಗೆ ಸಂಬಂಧಿಸಿದ್ದಾದರೆ, ಶಾಫ್ಟ್ ಎಷ್ಟು ಬಾಗಬೇಕು ಅನ್ನೋದು ಬೀಸಿಗೆ ಸಂಬಂಧಿಸಿದ್ದು. ಡ್ರೈವರ್ ಬೀಸಿನ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ರೆಗ್ಯುಲರ್, 95ರಿಂದ 105ಕ್ಕೆ ಸ್ಟಿಫ್, ಅದಕ್ಕಿಂತ ಜಾಸ್ತಿಗೆ ಎಕ್ಸ್‌ಟ್ರಾ ಸ್ಟಿಫ್, 85ಕ್ಕಿಂತ ಕಡಿಮೆಗೆ ಸೀನಿಯರ್ ಅಥವಾ ಲೇಡೀಸ್. ಇದು ಅಂದಾಜು ಅಷ್ಟೇ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಷ್ಟು ಗಟ್ಟಿ ಇರಬಹುದು, ಎಲ್ಲರಿಗೂ ಒಂದೇ ಮಾನದಂಡ ಇಲ್ಲ. ವೇಗ ಅಳೆಯುವ ಯಂತ್ರ ಸಿಗದಿದ್ದರೆ, ಚೆಂಡು ಗಾಳಿಯಲ್ಲೇ ಸುಮಾರು 200 ಗಜ ಹೋದರೆ ನಿಮ್ಮ ವೇಗ 90ರ ಆಸುಪಾಸು ಅಂತ ಇಟ್ಟುಕೊಳ್ಳಿ.

ನಮ್ಮ ಹುಡುಗರಲ್ಲಿ ಒಂದು ರೋಗ ಇದೆ: "ಸ್ಟಿಫ್ ಇದ್ದರೇ ಗಂಡಸು." ಬೀಸು ನಿಧಾನ ಇದ್ದವರಿಗೆ ಗಟ್ಟಿ ಕೋಲು ಕೊಟ್ಟರೆ ಚೆಂಡು ಮೇಲೇಳುವುದೇ ಕಷ್ಟ.

ಹಿಡಿಯ ದಪ್ಪಕ್ಕೆ ಸುಲಭದ ಪರೀಕ್ಷೆ ಇದೆ. ಬಲಗೈ ಆಟಗಾರರು ಎಡಗೈಯಲ್ಲಿ ಹಿಡಿದಾಗ ಮಧ್ಯದ ಬೆರಳು, ಉಂಗುರ ಬೆರಳು ಹೆಬ್ಬೆರಳ ಬುಡದ ಉಬ್ಬಿಗೆ ಮೆಲ್ಲಗೆ ತಾಗಬೇಕು. ಒತ್ತಿಕೊಂಡರೆ ಹಿಡಿ ಸಣ್ಣ, ಮುಟ್ಟದಿದ್ದರೆ ದಪ್ಪ.

ನಾವು ಮಾಡಿದ್ದೇನು?

ಮೊದಲ ಯೋಚನೆ, ಕೋಲನ್ನೇ ಒಂದು ಇಂಚು ಕತ್ತರಿಸಿಬಿಡೋಣ ಅಂತ. ಪುಣ್ಯಕ್ಕೆ ಗರಗಸ ಸಿಗಲಿಲ್ಲ. ಕತ್ತರಿಸಿದರೆ ಉದ್ದದ ಜೊತೆ ಬೇರೆಯದೂ ಬದಲಾಗುತ್ತದೆ: ತಲೆಯ ಕಡೆಯ ತೂಕ ಕಡಿಮೆ ಅನ್ನಿಸುತ್ತದೆ, ಕೋಲು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಸೆಟ್ಟು ಆಮೇಲೆ ಉದ್ದ ಇರುವವರಿಗೂ ಬರುವುದಿಲ್ಲ. ಬದಲಿಗೆ ಗೆಳತಿ ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು ಹೊಡೆದು ನೋಡಿದಳು. ಮಾರ್ಕರ್ ಗೆರೆ ಸುಮಾರು ನೆಟ್ಟಗಾಯಿತು. ಅಷ್ಟಾದ ಮೇಲೆ ನಾವು ಹಣ ಸೇರಿಸಿ ಹೆಂಗಸರ ಅರ್ಧ ಸೆಟ್ಟೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ನಿಯಮದ ಪ್ರಕಾರ 14 ಕ್ಲಬ್ ತನಕ ಒಯ್ಯಬಹುದು. ಕಲಿಯುವವರಿಗೆ ಆರೇಳು ಸಾಕು. ಎತ್ತರದವನ ಐರನ್‌ಗಳ ಕೋನವನ್ನು ತಿಳಿದವರೊಬ್ಬರ ಹತ್ತಿರ ಎರಡು ಡಿಗ್ರಿ ಏರಿಸಿಕೊಂಡೆವು. ಎಲ್ಲ ಐರನ್ ಬಾಗುವುದಿಲ್ಲ, ಕೆಲವು ಮುರಿಯುತ್ತವೆ. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ.

ಕುವೈತಿನಲ್ಲಿ ಒಂದು ಎಚ್ಚರ ಬೇಕು. ಅಹ್ಮದಿಯಲ್ಲಿ ತೈಲ ಕಂಪನಿಯ ಕಾಲದಿಂದ ಮರಳಿನ ಮೇಲೆಯೇ ಗಾಲ್ಫ್ ಆಡುತ್ತ ಬಂದಿದ್ದಾರೆ. ಅಲ್ಲಿ ಗ್ರೀನ್ ಇಲ್ಲ, ಬ್ರೌನ್. ಮರಳಿನ ಮೈದಾನದಲ್ಲಿ ಸಣ್ಣ ಚಾಪೆ ಹಾಸಿ ಹೊಡೆಯುವುದು ರೂಢಿ. ಅಭ್ಯಾಸದ ಜಾಗದಲ್ಲೂ ಚಾಪೆಯೇ. ಚಾಪೆಯ ಮೇಲೆ ಕ್ಲಬ್ ಜಾರಿ ಹೋಗುವುದರಿಂದ ಕೆಟ್ಟ ಹೊಡೆತವೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಚೆಂಡು ಹೋದ ದೂರಕ್ಕಿಂತ ಮುಖದ ಮೇಲಿನ ಗೆರೆಯನ್ನು ನಂಬಿ.

ದೂರದ ಮಾತು ಬಂತು ಅಂತ ನಮ್ಮೂರ ಅದಿತಿ ಅಶೋಕ್ ನೆನಪಾಗುತ್ತಾರೆ. 1876ರಲ್ಲೇ ಗಾಲ್ಫ್ ಕ್ಲಬ್ ಕಂಡ ಬೆಂಗಳೂರಿನ ಹುಡುಗಿ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚಿಗೆ ಒಂದೇ ಹೊಡೆತ ಕಡಿಮೆ. ಬ್ಯಾಗು ಹೊತ್ತವರು ಅವರ ಅಮ್ಮ. ದೂರ ಹೊಡೆಯುವುದರಲ್ಲಿ ಅದಿತಿ ಮುಂದಿದ್ದವರಲ್ಲ. ಅವರನ್ನು ಅಲ್ಲಿಗೆ ತಲುಪಿಸಿದ್ದು ಪಟ್ಟಿಂಗ್ ಮತ್ತು ಹತ್ತಿರದ ಆಟ. ಇನ್ನೊಬ್ಬರ ಬಲದ ಲೆಕ್ಕದಲ್ಲಿ ಆಡಬೇಕಿಲ್ಲ ಅಂತ ಅವರನ್ನು ನೋಡಿ ನಮಗೆ ಧೈರ್ಯ ಬಂತು.

ಗೆಳತಿ ಈಗ ಮತ್ತೆ ಬರುತ್ತಾಳೆ. ಚಾಂಪಿಯನ್ ಆಗಿಲ್ಲ, ಈಗಲೂ ಚೆಂಡು ತಪ್ಪುತ್ತದೆ. ಆದರೆ ಒಂದು ಎಡಕ್ಕೆ, ಒಂದು ಬಲಕ್ಕೆ, ಎಲ್ಲರ ಹಾಗೆ. "ಈಗ ತಪ್ಪು ನಂದೇ, ಅದಕ್ಕೆ ತಿದ್ಕೋಬಹುದು" ಅಂತ ನಗುತ್ತಾಳೆ.

ಅಂಕಲ್ ಕೊಟ್ಟ ಬ್ಯಾಗಿನ ಜೇಬಿನಲ್ಲಿ ಈಗ ಒಂದು ಟೇಪು, ಒಂದು ಮಾರ್ಕರ್, ನಾಲ್ವರ ಅಳತೆ ಬರೆದ ಚೀಟಿ ಇದೆ. ಹೊಸದಾಗಿ ಬಂದ ತಮ್ಮ ತಂಗಿಯರೇ, ಬನ್ನಿ. ಐದನೇ ಸಾಲು ಖಾಲಿ ಬಿಟ್ಟಿದ್ದೇವೆ.