ನಲಿಕಲಿ: ಏಣಿ, ತಟ್ಟೆ, ಚಪ್ಪರ

ಆಟ, ಹಾಡು, ಕಥೆ, ಕಾರ್ಡುಗಳ ಮೂಲಕ ಓದು, ಬರಹ, ಲೆಕ್ಕ ಕಲಿಸುವ ನಲಿಕಲಿ ಪದ್ಧತಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ಬಳಕೆಯಲ್ಲಿದೆ. ಬೇರೆ ಬೇರೆ ತರಗತಿಯ ಮಕ್ಕಳು ಇಲ್ಲಿ ಒಂದೇ ಕೋಣೆಯಲ್ಲಿ ಬೆರೆತು ಕೂರುತ್ತಾರೆ. ಹೊರಗಿನಿಂದ ನೋಡಿದವರಿಗೆ ಗದ್ದಲವಾಗಿ ಕಾಣುವ ಈ ಕೋಣೆಯಲ್ಲಿ ಪ್ರತಿ ಮಗುವೂ ಮುಂದೆ ಏನು ಮಾಡಬೇಕೆಂಬುದು ಮೊದಲೇ ಗೊತ್ತುಪಡಿಸಿದ್ದಾಗಿರುತ್ತದೆ.

ಇದು ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಕಾಡಂಚಿನ ಆ ತಾಲ್ಲೂಕಿನ ಎಷ್ಟೋ ಶಾಲೆಗಳಲ್ಲಿ ಒಬ್ಬರೇ ಮೇಷ್ಟ್ರು ಹಲವು ತರಗತಿ ನೋಡಿಕೊಳ್ಳಬೇಕಿತ್ತು. ಆದಿವಾಸಿ ಹಾಡಿಗಳ ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋದಾಗ ಮಕ್ಕಳೂ ಜೊತೆಗೆ ಹೋಗುತ್ತಿದ್ದರು; ಮರಳಿ ಬರುವಷ್ಟರಲ್ಲಿ ಪಾಠ ಎಷ್ಟೋ ಮುಂದೆ ಸಾಗಿರುತ್ತಿತ್ತು. ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿ ಶಾಲೆಗಳಿಗಾಗಿ ರೂಪಿಸಿದ್ದ ಕಾರ್ಡು ಪದ್ಧತಿಯನ್ನು ನೋಡಿ ಬಂದರು. ಆದರೆ ಅದನ್ನು ಹಾಗೇ ಇಳಿಸಿಕೊಳ್ಳಲಿಲ್ಲ; ತಮ್ಮ ಮಕ್ಕಳಿಗೆ ಬೇಕಾದ ಹಾಡು, ಆಟ, ಚಿತ್ರಗಳನ್ನು ತಾವೇ ಕೂತು ಬರೆದರು. ಮೇಲಿನಿಂದ ಬಂದ ಸುತ್ತೋಲೆಯಾಗದೆ ಶಿಕ್ಷಕರ ಕೈಕೆಲಸವಾಗಿ ಹುಟ್ಟಿದ್ದೇ ನಲಿಕಲಿಯ ದೊಡ್ಡ ಬಲ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೆಯದಕ್ಕೂ.

ಒಂದನೇ ತರಗತಿಗೆ ಬಂದ ಮಗುವಿಗೆ ಮೊದಲ ವಾರಗಳಲ್ಲಿ ಅಕ್ಷರದ ಮಾತೇ ಇರುವುದಿಲ್ಲ. ಹಾಡು, ಕಥೆ, ಜೇಡಿಮಣ್ಣಿನ ಕೆಲಸ, ಗೆರೆ ಎಳೆಯುವುದು, ಬೀಜ ಬೇರ್ಪಡಿಸುವುದು ಇವೇ ಪಾಠ. ಬೆರಳು ಪಳಗಬೇಕು, ಕಿವಿ ಸೂಕ್ಷ್ಮವಾಗಬೇಕು, ಮನೆ ಬಿಟ್ಟು ಬಂದ ಅಂಜಿಕೆ ಕರಗಬೇಕು. ರಾಷ್ಟ್ರೀಯ ಮಟ್ಟದಲ್ಲಿ 2021ರಲ್ಲಿ ಬಂದ ಮೂರು ತಿಂಗಳ ‘ವಿದ್ಯಾ ಪ್ರವೇಶ’ ಕಾರ್ಯಕ್ರಮದ ಗುರಿಯೂ ಇದೇ.

ಆಮೇಲೆ ಕಲಿಕಾ ಏಣಿ. ಇಡೀ ಪಠ್ಯವನ್ನು ಮೈಲಿಗಲ್ಲುಗಳಾಗಿ, ಪ್ರತಿ ಮೈಲಿಗಲ್ಲನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಗೆ ತೂಗುಹಾಕಿರುತ್ತಾರೆ. ಮೆಟ್ಟಿಲಿಗೊಂದು ಕಾರ್ಡು, ಕಾರ್ಡಿನ ಮೇಲೆ ಪ್ರಾಣಿಯದೋ ಪಕ್ಷಿಯದೋ ಪುಟ್ಟ ಚಿತ್ರ, ಒಂದು ಸಂಖ್ಯೆ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ತಿಂಗಳು ಬಿಟ್ಟು ಬಂದ ಮಗು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಅಕ್ಷರಗಳ ಸಾಲೂ ಬೇರೆ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮಗು ಙ, ಞಗಳನ್ನೆಲ್ಲ ದಾಟಿ ಎಷ್ಟೋ ದಿನದ ಮೇಲೆ ಒಂದು ಪದ ಓದುತ್ತದೆ. ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ರಸ, ಅರಸ, ಅಗಸ, ದಸರ, ಗರಗಸ ಹುಟ್ಟುತ್ತವೆ. ಜ, ವ, ಮ, ಬ, ನ ಸೇರಿದ ಮೇಲೆ ಮರ, ಜನ, ನಗರ, ಬಸವ. ಕಾಗುಣಿತ ಬರುವ ಮೊದಲೇ ಓದಿದ ಖುಷಿ ಸಿಕ್ಕಿರುತ್ತದೆ. ಲೆಕ್ಕದಲ್ಲೂ ಹೀಗೆಯೇ: ಹುಣಸೆ ಬೀಜ ಎಣಿಸಿ, ಹತ್ತು ಕಡ್ಡಿಗೊಂದು ಕಟ್ಟು ಕಟ್ಟಿದ ನಂತರವೇ ದಶಕ ಅಂಕಿಗೆ ಇಳಿಯುತ್ತದೆ.

ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ. ಇವಕ್ಕೆ ಶಾಲೆಯ ಮಾತಿನಲ್ಲಿ ‘ತಟ್ಟೆ’ ಎಂದು ಹೆಸರು. ಮೊದಲ ತಟ್ಟೆಯ ಮಕ್ಕಳ ಬಳಿ ಶಿಕ್ಷಕರು ಪೂರ್ತಿಯಾಗಿ ಇರುತ್ತಾರೆ, ಎರಡನೆಯದಕ್ಕೆ ಆಗಾಗ. ಮೂರು ಮತ್ತು ನಾಲ್ಕರಲ್ಲಿ ಜೊತೆಯ ಮಕ್ಕಳ ನೆರವು, ಐದರಲ್ಲಿ ಸ್ವಂತ ಕಲಿಕೆ. ಮಗು ಹಿಡಿದ ಕಾರ್ಡೇ ಅದರ ತಟ್ಟೆಯನ್ನು ಹೇಳುವುದರಿಂದ ದಡ್ಡರ ಬೆಂಚು, ಜಾಣರ ಬೆಂಚು ಎಂಬುದು ಹುಟ್ಟುವುದಿಲ್ಲ.

ಕೋಣೆಯೂ ಇದಕ್ಕೆ ತಕ್ಕಂತೆ ಸಜ್ಜಾಗಿರುತ್ತದೆ. ಗೋಡೆಯ ಕೆಳಭಾಗದ ಕಪ್ಪು ಹಲಗೆಯಲ್ಲಿ ಪ್ರತಿ ಮಗುವಿಗೂ ಒಂದು ಪಾಲು, ಕೈಗೆಟುಕುವ ಎತ್ತರದಲ್ಲಿ. ತಲೆಯ ಮೇಲೆ ದಾರ ಎಳೆದು ಮಾಡಿದ ಚಪ್ಪರದಲ್ಲಿ ಮಕ್ಕಳ ಚಿತ್ರ, ಕತ್ತರಿಸಿದ ಕಾಗದದ ಕೆಲಸ ತೂಗಾಡುತ್ತವೆ. ಹವಾಮಾನ ನಕ್ಷೆಯಲ್ಲಿ ಆ ದಿನ ಮೋಡವೋ ಬಿಸಿಲೋ ಎಂದು ಮಕ್ಕಳೇ ಗುರುತು ಹಾಕುತ್ತಾರೆ. ಪರೀಕ್ಷೆಯ ಭಯವಿಲ್ಲ, ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲು. ಅದು ಆಗದಿದ್ದರೆ ಪೂರಕ ಚಟುವಟಿಕೆ, ಆದರೆ ಮುಂದಿನ ಮೈಲಿಗಲ್ಲು. ಪ್ರಗತಿ ನೋಟ ಎಂಬ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಎಲ್ಲಿದ್ದಾರೆಂಬುದು ದಾಖಲಾಗುತ್ತದೆ.

ತೊಡಕುಗಳು ಇಲ್ಲದಿಲ್ಲ. ಕಾರ್ಡು ಹರಿದರೆ, ಕಳೆದರೆ ಏಣಿಯ ಮೆಟ್ಟಿಲೇ ಮುರಿದಂತೆ. ಮಕ್ಕಳು ಹೆಚ್ಚಾದರೆ ಐದು ತಟ್ಟೆಗಳ ನಡುವೆ ಓಡಾಡುವ ಶಿಕ್ಷಕರು ದಾಖಲೆ ತುಂಬುವುದರಲ್ಲೇ ಸುಸ್ತಾಗುತ್ತಾರೆ. ‘ಪುಸ್ತಕ ಎಲ್ಲಿ, ಹೋಂವರ್ಕ್ ಎಲ್ಲಿ’ ಎಂಬ ಪೋಷಕರ ಪ್ರಶ್ನೆ ಇನ್ನೂ ನಿಂತಿಲ್ಲ; ಪಕ್ಕದ ಕಾನ್ವೆಂಟಿನ ಮಗು ನೋಟುಬುಕ್ಕು ತುಂಬಿಸುವುದನ್ನು ನೋಡಿದ ತಾಯಿಗೆ ಈ ಆಟ ಕಾಲಹರಣವಾಗಿಯೇ ಕಾಣುತ್ತದೆ. ಅದಕ್ಕಿಂತ ಗಂಭೀರವಾದದ್ದು ನಾಲ್ಕನೇ ತರಗತಿಯ ಹೊಸ್ತಿಲು. ಅಲ್ಲಿ ಏಣಿ, ತಟ್ಟೆ ಎರಡೂ ಮುಗಿದು, ಎಲ್ಲರಿಗೂ ಒಂದೇ ಪುಸ್ತಕದ ಒಂದೇ ಪುಟ ತೆರೆಯುತ್ತದೆ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗು ಅಲ್ಲಿಂದ ಗಂಟೆಯ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.