ಕಡಲಯಾನದ ವಾಕರಿಕೆಗೆ ಮುಂಜಾಗ್ರತೆ

ಹಡಗಿನ ಕೋಣೆಯಲ್ಲಿ ಕುಳಿತವರ ಕಣ್ಣಿಗೆ ಗೋಡೆಗಳು ಅಲುಗಾಡದೆ ನಿಂತಂತೆ ಕಾಣುತ್ತವೆ. ಒಳಕಿವಿಯ ಸಮತೋಲನದ ಅಂಗ ಮಾತ್ರ ಪ್ರತಿಯೊಂದು ಏರಿಳಿತವನ್ನೂ ಮಿದುಳಿಗೆ ತಿಳಿಸುತ್ತಿರುತ್ತದೆ. ಇವೆರಡೂ ತಾಳೆಯಾಗದಿದ್ದಾಗ ತಲೆಸುತ್ತು, ಬೆವರು, ವಾಕರಿಕೆ ಶುರುವಾಗುತ್ತವೆ. ಇದು ಅಳ್ಳೆದೆಯ ಲಕ್ಷಣವಲ್ಲ: ಬ್ರಿಟನ್ನಿನ ನೌಕಾಪತಿ ನೆಲ್ಸನ್ನನನ್ನೂ, 1831ರಲ್ಲಿ ಬೀಗಲ್ ಹಡಗು ಹತ್ತಿದ ಡಾರ್ವಿನ್ನನನ್ನೂ ಇದು ಬಿಡಲಿಲ್ಲ.

ಎಚ್ಚರಿಕೆ ಟಿಕೆಟ್ ಕಾಯ್ದಿರಿಸುವಾಗಲೇ ಬೇಕು. ಹಡಗಿನ ಎರಡು ತುದಿಗಳು ಹೆಚ್ಚು ಏರಿಳಿಯುತ್ತವೆ, ಮೇಲಂತಸ್ತುಗಳು ಹೆಚ್ಚು ತೂಗುತ್ತವೆ. ಕೆಳ ಅಂತಸ್ತಿನ ನಡುಭಾಗದ ಕೋಣೆಯೇ ಲೇಸು; ಅದು ಬಾಲ್ಕನಿ ಕೋಣೆಗಿಂತ ಅಗ್ಗವೂ ಹೌದು. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ಗೋವಾ, ಲಕ್ಷದ್ವೀಪದ ಯಾನಕ್ಕೆ ಮಳೆಗಾಲ ಕಳೆದ ತಿಂಗಳುಗಳೇ ವಾಸಿ.

ಮಾತ್ರೆಯ ವಿಷಯದಲ್ಲಿ ಹಲವರು ಎಡವುವುದು ಹೊತ್ತಿನಲ್ಲಿ. ಪ್ರೊಮೆಥಜಿನ್, ಮೆಕ್ಲಿಜಿನ್‌ನಂಥವನ್ನು ವಾಂತಿ ಆರಂಭವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಇವು ಮಂಪರು ತರುವುದರಿಂದ ಜೊತೆಗೆ ಮದ್ಯ ಸಲ್ಲದು. ಗರ್ಭಿಣಿಯರು, ಮಕ್ಕಳು, ಗ್ಲಾಕೋಮಾ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಸಂಕಟ ಸುಳಿಯುತ್ತಿದ್ದಂತೆ ಮೊಬೈಲು ಬದಿಗಿಟ್ಟು, ಡೆಕ್ಕಿಗೆ ಬಂದು ದಿಗಂತದತ್ತ ನೋಡುವುದು ಒಳ್ಳೆಯದು. ಉಪವಾಸವಿರುವುದೂ ಹೊಟ್ಟೆ ಬಿರಿಯುವಂತೆ ಉಣ್ಣುವುದೂ ಸಲ್ಲ. ಒಣ ಬಿಸ್ಕತ್ತು, ಶುಂಠಿ ಕೆಲವರಿಗೆ ಹಿಡಿಸುತ್ತವೆ. ಎರಡು ಮೂರು ದಿನಗಳಲ್ಲಿ ಹೆಚ್ಚಿನವರ ಮೈ ಕಡಲಿಗೆ ಒಗ್ಗಿಕೊಳ್ಳುತ್ತದೆ.