ಮುಖಕ್ಷೌರದ ರೇಜರು: ಆಯುವ ಬಗೆ, ಇಡುವ ಬಗೆ

ಕೊಡೆಯನ್ನು ಕೊಳ್ಳುವಾಗ ನಾವು ಬಿಚ್ಚಿ ನೋಡುತ್ತೇವೆ. ಪಾದರಕ್ಷೆಯನ್ನು ಮೆಟ್ಟಿ ನಾಲ್ಕು ಹೆಜ್ಜೆ ನಡೆಯುತ್ತೇವೆ. ಮಾವಿನ ಹಣ್ಣನ್ನು ಮೂಸದೆ ಚೀಲಕ್ಕೆ ಹಾಕುವುದಿಲ್ಲ. ದಿನವೂ ಕೊರಳಿನ ಮೇಲೆ ಸಂಚರಿಸತಕ್ಕ ರೇಜರನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಂದುಬಿಡುತ್ತೇವೆ. ತಂದ ಮೇಲೆ ಅದನ್ನು ಇಡುವುದಾದರೂ ಎಲ್ಲಿ? ಬಚ್ಚಲುಮನೆಯ ಗೂಡಿನಲ್ಲಿ, ಸಾಬೂನಿನ ಲೋಳೆಯ ಪಕ್ಕದಲ್ಲಿ. ಈ ಉದಾಸೀನದ ಫಲವನ್ನು ಸ್ವತಃ ಉಂಡವರಾದುದರಿಂದ, ಎರಡಲಗಿನ ಸೇಫ್ಟಿ ರೇಜರನ್ನು ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ನಮಗೆ ಬಂದಿದೆಯೆಂದು ತಿಳಿದಿದ್ದೇವೆ.

ಕ್ಷೌರಿಕನು ಮಡಿಸುವ ಕತ್ತಿಯನ್ನು ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಎಳೆದು, ಎರಡೇ ಬೆರಳಿನಲ್ಲಿ ಹದವಾಗಿ ಹಿಡಿಯುವ ಕೈಚಳಕ ಎಲ್ಲರಿಗೂ ಬರತಕ್ಕದ್ದಲ್ಲ. 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸಹೋದರರು ಅಲಗಿನ ಮುಂದೆ ಕಾವಲೊಂದನ್ನು ಇಟ್ಟ ರೇಜರಿಗೆ ಪೇಟೆಂಟು ಪಡೆದರು. ಚರ್ಮಕ್ಕೆ ರಕ್ಷಣೆಯಾಯಿತು; ಮಸೆಯುವ ಕಷ್ಟ ಮಾತ್ರ ತಪ್ಪಲಿಲ್ಲ. ಆ ಕಷ್ಟವನ್ನು ನೀಗಿದವನು ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಸಂಚಾರಿ ವ್ಯಾಪಾರಿ. ಸೀಸೆಗಳ ಬಿರಡೆ ಮಾರುತ್ತಿದ್ದ ಈತನಿಗೆ, ಒಮ್ಮೆ ಬಳಸಿ ಬಿಸುಡುವ ವಸ್ತುವನ್ನು ಮಾಡಿದರೆ ಕೊಂಡವರು ಮತ್ತೆ ಮತ್ತೆ ಬರುತ್ತಾರೆಂಬ ಬುದ್ಧಿವಾದವನ್ನು ಯಜಮಾನನೇ ಹೇಳಿದ್ದನಂತೆ. 1895ರಲ್ಲಿ ಕ್ಷೌರ ಮಾಡಿಕೊಳ್ಳುವಾಗ ಮೊಂಡು ಕತ್ತಿಯನ್ನು ನೋಡಿ ಜಿಲೆಟ್ಟನಿಗೆ ಹೊಳೆಯಿತು: ಕೊಯ್ಯುವುದು ಅಂಚು ಮಾತ್ರ; ಹಿಂದಿನ ದಪ್ಪ ಲೋಹವೆಲ್ಲ ಹೊರೆ. ತೆಳ್ಳನೆಯ ಉಕ್ಕಿನ ಹಾಳೆಯ ಎರಡು ಅಂಚನ್ನೂ ಹರಿತಮಾಡಿ, ಮೊಂಡಾದೊಡನೆ ಎಸೆದುಬಿಟ್ಟರೆ ಆಯಿತಲ್ಲ!

ಅಷ್ಟು ತೆಳುವಾದ ಹಾಳೆಗೆ ಹದ ಕೊಟ್ಟು ಅಂಚು ತೆಗೆಯುವುದು ಆಗದ ಮಾತೆಂದು ಲೋಹವನ್ನು ಬಲ್ಲವರು ಹೇಳಿದರು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ವಿಲಿಯಂ ನಿಕರ್‌ಸನ್ ಎಂಬ ಎಂಜಿನಿಯರನು ಅದಕ್ಕೆ ಬೇಕಾದ ಯಂತ್ರಗಳನ್ನು ಕಟ್ಟಿದನು. 1903ರಲ್ಲಿ ಮಾರಾಟವಾದುವು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90,000ವನ್ನು ಮೀರಿತು. 1918ರಲ್ಲಿ ಅಮೆರಿಕದ ಸರ್ಕಾರವು ತನ್ನ ಸೈನಿಕರಿಗಾಗಿ 35 ಲಕ್ಷ ರೇಜರುಗಳನ್ನೂ 3 ಕೋಟಿ 60 ಲಕ್ಷ ಬ್ಲೇಡುಗಳನ್ನೂ ತರಿಸಿತು. ಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರೊಡನೆ, ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವ ಅಭ್ಯಾಸವೂ ಮನೆಮನೆಯನ್ನು ಹೊಕ್ಕಿತು.

ಇನ್ನು ಉಪಕರಣದ ವಿಚಾರ. ರೇಜರಿನ ತಲೆಯಲ್ಲಿ ಎರಡು ತಟ್ಟೆಗಳಿವೆ. ಅವುಗಳ ನಡುವೆ ಬ್ಲೇಡು ಕೂಡುತ್ತದೆ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಇಷ್ಟು ತೆಳುವಾದದ್ದು ಗಡ್ಡದ ಬಿರುಸಿಗೆ ಹೇಗೆ ನಿಂತೀತು? ಬರೆಯುವ ಕಾಗದವೊಂದನ್ನು ಒಂದು ತುದಿಯಲ್ಲಿ ಹಿಡಿದರೆ ಜೋಲುತ್ತದೆ. ನಡುವೆ ಅದುಮಿ ಕಾಲುವೆಯಂತೆ ಬಾಗಿಸಿದರೆ ನೆಟ್ಟಗೆ ನಿಲ್ಲುತ್ತದೆ. ಹಿಡಿಯ ತಿರುಪನ್ನು ಬಿಗಿದಾಗ ಬ್ಲೇಡಿಗೂ ಹಾಗೆಯೇ ಆಗುತ್ತದೆ. ಮೇಲಿನ ತಟ್ಟೆಯ ಬಾಗಿಗೆ ಒಗ್ಗಿ, ಬಿಲ್ಲಾಗಿ, ಗಡುಸಾಗುತ್ತದೆ. ಆದಕಾರಣ ತಿರುಪು ಸರಿಯಿಲ್ಲದ ರೇಜರಿನಲ್ಲಿ ಎಷ್ಟು ಒಳ್ಳೆಯ ಬ್ಲೇಡಾದರೂ ನಡುಗುತ್ತದೆ, ನಡುಗಿದ ಬ್ಲೇಡು ಕೊಯ್ಯುತ್ತದೆ.

ತಲೆಯ ಎರಡು ತಟ್ಟೆ, ಒಂದು ಹಿಡಿ, ಹೀಗೆ ಮೂರು ತುಂಡಾಗಿ ಬಿಚ್ಚುವ ಬಗೆಯೊಂದು. ಹಿಡಿಯ ಬುಡವನ್ನು ತಿರುಗಿಸಿದರೆ ತಲೆಯು ಚಿಟ್ಟೆಯ ರೆಕ್ಕೆಯಂತೆ ಎರಡು ಕಡೆಗೂ ತೆರೆದುಕೊಳ್ಳುವುದು ಇನ್ನೊಂದು. ಎರಡನೆಯದು ನೋಡುವುದಕ್ಕೆ ಸೊಗಸು, ಬ್ಲೇಡು ಬದಲಾಯಿಸುವುದಕ್ಕೆ ಸಲೀಸು. ಆದರೆ ಅದರ ಸಂದುಗಳಲ್ಲಿ ಸಾಬೂನು ಕೂಡುತ್ತದೆ, ಕೀಲುಗಳು ಸವೆಯುತ್ತವೆ. ಮೊದಲ ರೇಜರು ಕೊಳ್ಳುವವರು ಮೂರು ತುಂಡಿನದನ್ನೇ ಆರಿಸಲಿ ಎಂಬುದು ನಮ್ಮ ಮತ.

ಬಗೆಗಿಂತ ಮುಖ್ಯವಾದದ್ದು ಸ್ವಭಾವ. ಬ್ಲೇಡಿನ ಅಂಚಿಗೂ ಅದರ ಕೆಳಗಿನ ಕಾವಲುಪಟ್ಟಿಗೂ ನಡುವೆ ಒಂದು ಸಂದು ಇರುತ್ತದೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗೆ. ಈ ಸಂದು ಎಷ್ಟಿದೆ, ಅಂಚು ಎಷ್ಟು ಹೊರಚಾಚಿದೆ ಎಂಬುದರ ಮೇಲೆ ರೇಜರಿನ ಗುಣ ನಿರ್ಧಾರವಾಗುತ್ತದೆ. ಮದ್ದೂರಿನಲ್ಲಿ ಉಗ್ರನರಸಿಂಹ, ಮೇಲುಕೋಟೆಯಲ್ಲಿ ಯೋಗಾನರಸಿಂಹ ಇರುವಂತೆ ರೇಜರಿನಲ್ಲಿಯೂ ಉಗ್ರ, ಸೌಮ್ಯ ಎಂಬ ಭೇದವುಂಟು. ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುವವರಿಗೆ ಸೌಮ್ಯವೇ ಸಾಕು. ವಾರಗಟ್ಟಲೆ ಬೆಳೆದ ಗಡ್ಡಕ್ಕೆ ಬಾಚಣಿಗೆಯ ಹಲ್ಲಿನಂತಹ ಕಾವಲುಳ್ಳ ರೇಜರು ಒಳ್ಳೆಯದು. ಹಲ್ಲಿನ ನಡುವೆ ಕೂದಲೂ ನೊರೆಯೂ ದಾರಿ ಮಾಡಿಕೊಂಡು ಹೋಗುತ್ತವೆ.

ಈ ಭೇದವನ್ನು ನಾವು ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ತಗುಲಿ ಬಲಗೈ ಬಿದ್ದುಹೋಯಿತು. ಮುಖದ ಮೇಲೆ ಎರಡು ದಿನದ ಗಡ್ಡವನ್ನು ಎಂದೂ ಸೈರಿಸದವರು ಅವರು. ಆ ಕೆಲಸ ನಮ್ಮ ಪಾಲಿಗೆ ಬಂತು. ಆಗಷ್ಟೆ ಕೊಂಡಿದ್ದ, ಭಾರವಾದ, ಥಳಥಳಿಸುವ ರೇಜರನ್ನು ಅಭಿಮಾನದಿಂದ ಹಿಡಿದು ಕುಳಿತೆವು. ನಮ್ಮ ಕೆನ್ನೆಗೆ ಹಿತವಾಗಿದ್ದ ಆ ಉಗ್ರಮೂರ್ತಿಯು ಅವರ ಸಡಿಲವಾದ ಚರ್ಮದಲ್ಲಿ ದವಡೆಯ ಕೆಳಗೆ ಕಚ್ಚಿತು. ರಕ್ತ ಹೆಪ್ಪುಗಟ್ಟದಿರಲೆಂದು ಅವರು ಮಾತ್ರೆ ಸೇವಿಸುತ್ತಿದ್ದರು. ಪಟಿಕ ಒತ್ತಿ ಹಿಡಿದರೂ ಬಹಳ ಹೊತ್ತು ರಕ್ತ ನಿಲ್ಲಲಿಲ್ಲ. ನಮ್ಮ ಮುಖ ಕಂದಿದ್ದನ್ನು ನೋಡಿ ಅವರೇ ತೊದಲುತ್ತ ಹೇಳಿದರು: "ಪೆಟ್ಟಿಗೆಯಲ್ಲಿ ನನ್ನದು ಇದೆ, ತಾರಪ್ಪ."

ಅವರದು ಹಿತ್ತಾಳೆಯ ರೇಜರು. ನಿಕ್ಕಲಿನ ಗಿಲೀಟು ಅಲ್ಲಲ್ಲಿ ಸವೆದು, ಸವೆದ ಕಡೆಯಲ್ಲೆಲ್ಲ ಹಸುರು ಕಿಲುಬು ಹತ್ತಿತ್ತು. ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಹೊಸ ಬ್ಲೇಡು ಹಾಕಿದೆವು. ಅದು ಕ್ಷೌರ ಮಾಡಿದ್ದು ತಿಳಿಯಲೇ ಇಲ್ಲ. ಅವರು ಇರುವವರೆಗೂ ಮತ್ತೆ ಗಾಯವಾಗಲಿಲ್ಲ.

ಇಲ್ಲಿ ಲೋಹದ ಮಾತು ಬಂತು. ಹಿತ್ತಾಳೆಗೆ ಕಿಲುಬು ಹಿಡಿದರೆ ಅದು ಮೇಲ್ಮೈಯ ರೋಗ, ಉಜ್ಜಿದರೆ ಹೋಗುತ್ತದೆ. ಈಗ ಅಗ್ಗದ ಬೆಲೆಗೆ ದೊರೆಯುವ ರೇಜರುಗಳ ತಲೆಯನ್ನು ಬಹುಮಟ್ಟಿಗೆ ಸತುವಿನ ಮಿಶ್ರಲೋಹದಲ್ಲಿ ಎರಕಹೊಯ್ದು ಮೇಲೆ ಕ್ರೋಮಿಯಂ ಗಿಲೀಟು ಕೊಟ್ಟಿರುತ್ತಾರೆ. ಗಿಲೀಟು ಗಟ್ಟಿಯಾಗಿರುವ ತನಕ ಚಿಂತೆಯಿಲ್ಲ. ಒಂದು ಗೀರು ಬಿದ್ದು ನೀರು ಒಳಹೊಕ್ಕರೆ ಸತುವು ಒಳಗೊಳಗೇ ತಿಂದುಹೋಗಿ ಗಿಲೀಟು ಗುಳ್ಳೆಯೇಳುತ್ತದೆ. ಅದಕ್ಕೆ ಔಷಧವಿಲ್ಲ. ತಂದೆಯವರ ರೇಜರಿನ ಯಶಸ್ಸಿನಿಂದ ಹಿಗ್ಗಿದ ನಾವು ನಮ್ಮ ಸತುವಿನ ರೇಜರನ್ನೂ ರಾತ್ರಿಯೆಲ್ಲ ಹುಣಸೆನೀರಿನಲ್ಲಿ ನೆನೆಹಾಕಿದೆವು. ಬೆಳಿಗ್ಗೆ ನೋಡಿದರೆ ಅದರ ಮುಖದ ಮೇಲೆ ಸಿಡುಬಿನ ಕಲೆ. ಆಮ್ಲವು ಸತುವನ್ನು ಕರಗಿಸುತ್ತದೆಂದು ತರಗತಿಯಲ್ಲಿ ಪ್ರತಿವರ್ಷ ಪಾಠ ಹೇಳುವವರು ನಾವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಹಣವುಳ್ಳವರು ಸ್ಟೇನ್‌ಲೆಸ್ ಸ್ಟೀಲಿನದನ್ನು ಕೊಂಡರೆ ಗಿಲೀಟಿನ ಹಂಗೇ ಇಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು. ಬ್ಲೇಡು ಹಾಕಿ ಬಿಗಿದು, ತಲೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ನೋಡಿರಿ. ಎರಡು ಪಕ್ಕದಲ್ಲಿಯೂ ಅಂಚು ಒಂದೇ ಸಮನಾಗಿ, ಕಾವಲುಪಟ್ಟಿಗೆ ಸಮಾನಾಂತರವಾಗಿ ಕಾಣಬೇಕು. ಒಂದು ಕಡೆ ಹೆಚ್ಚು ಇಣುಕಿದರೆ ಆ ರೇಜರಿಗೆ ಎರಡು ಸ್ವಭಾವ. ಒಂದು ಪಕ್ಕ ಸವರುತ್ತದೆ, ಇನ್ನೊಂದು ಸಿಗಿಯುತ್ತದೆ. ತಿರುಪು ತಡೆಯಿಲ್ಲದೆ ತಿರುಗಬೇಕು. ಹಿಡಿಯ ಮೇಲೆ ಕಚ್ಚು ಕಚ್ಚಾದ ಗೆರೆಗಳಿರಬೇಕು. ನುಣುಪಾದ ಹಿಡಿಯು ಸಾಬೂನು ಕೈಗೆ ನಿಲ್ಲದು. ಬ್ಲೇಡಿನ ಅಳತೆಯ ಚಿಂತೆ ಬೇಡ. 1930ರಿಂದೀಚೆಗೆ ನಡುವೆ ಉದ್ದ ಸೀಳುಳ್ಳ ರೂಪವೇ ರೂಢಿಯಾಗಿ, ಯಾವ ಕಂಪನಿಯ ಬ್ಲೇಡಾದರೂ ಯಾವ ರೇಜರಿಗಾದರೂ ಕೂಡುತ್ತದೆ. ಒಂದು ಕಂಪನಿಯ ದಾಸರಾಗಿ ಇರಬೇಕಾದ ಗ್ರಹಚಾರ ಈ ರೇಜರು ಹಿಡಿದವರಿಗಿಲ್ಲ.

ಬ್ಲೇಡು ಮೊಂಡಾಗುವುದು ಏಕೆ? ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಾಲು ಮೃದು. ಮೃದುವಾದದ್ದು ಕಠಿಣವಾದದ್ದನ್ನು ಕೆಡಿಸುವ ಈ ಒಗಟನ್ನು ನಿಕರ್‌ಸನ್ ಓದಿದ ಅದೇ ಮಸಾಚುಸೆಟ್ಸ್ ಸಂಸ್ಥೆಯವರು ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ನಿಧಾನವಾಗಿ ಸವೆಯುವುದಕ್ಕಿಂತ, ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆಯಲ್ಲಿ ಚೂರು ಚೂರಾಗಿ ಮುಕ್ಕಾಗುತ್ತದೆಯಂತೆ. ನೀರು ಹೀರಿದ ಕೂದಲು ಸುಲಭವಾಗಿ ಕತ್ತರಿಸುತ್ತದೆ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆಸುವ ಹಳೆಯ ಪದ್ಧತಿಯು ಹೀಗೆ ಕೆನ್ನೆಯ ಜೊತೆಗೆ ಬ್ಲೇಡಿಗೂ ಉಪಕಾರ ಮಾಡುತ್ತದೆ.

ಇನ್ನೊಂದು ಶತ್ರು ತುಕ್ಕು. ಹಿಂದಿನ ಕಾಲದ ಇಂಗಾಲದ ಉಕ್ಕಿನ ಬ್ಲೇಡು ಒಂದು ರಾತ್ರಿ ಒದ್ದೆಯಿದ್ದರೆ ಕೆಂಪಾಗುತ್ತಿತ್ತು. 1962ರಲ್ಲಿ ಇಂಗ್ಲೆಂಡಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಯವರು ಸ್ಟೇನ್‌ಲೆಸ್ ಬ್ಲೇಡಿನ ಅಂಚಿಗೆ ಟೆಫ್ಲಾನಿನ ಜಾತಿಯ ದ್ರವ್ಯವನ್ನು ಲೇಪಿಸಿ ಮಾರಿದರು. ದೋಸೆ ಅಂಟದಿರಲೆಂದು ಕಾವಲಿಗೆ ಬಳಿಯುವುದೂ ಅದನ್ನೇ. ಇಂದಿನ ಬ್ಲೇಡಿನ ಉಕ್ಕಿನಲ್ಲಿ ನೂರಕ್ಕೆ ಹದಿಮೂರರಷ್ಟು ಕ್ರೋಮಿಯಂ ಇರುತ್ತದೆ. ತುಕ್ಕಿಗೆ ಅದು ಅಡ್ಡಿ ಮಾತ್ರ, ಅಭಯವಲ್ಲ. ಉಪ್ಪುಗಾಳಿಯ ಮಂಗಳೂರು, ಕಾರವಾರಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಕೆಲಸ ಮುಗಿದೊಡನೆ ರೇಜರನ್ನು ಹರಿಯುವ ನೀರಿನಲ್ಲಿ ಹಿಡಿದು, ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಒಳಗಿನ ನೊರೆ ಹೋಗುವಂತೆ ಆಡಿಸಿ, ಕೊಡವಿ, ತಲೆ ಮೇಲಾಗಿ ನಿಲ್ಲಿಸಬೇಕು. ಬಚ್ಚಲಿನ ಹಬೆಯಿಂದ ದೂರ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ನಿಲ್ಲಿಸಬೇಕು. ಬ್ಲೇಡಿನ ಅಂಚನ್ನು ಟವಲಿನಿಂದ ಒರೆಸುವುದು ದೊಡ್ಡ ತಪ್ಪು: ಅಂಚೂ ಕೆಡುತ್ತದೆ, ಬೆರಳೂ ಕುಯ್ಯುತ್ತದೆ. ಒದ್ದೆ ರೇಜರನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟರೆ ಅದನ್ನು ಹಬೆಯಲ್ಲಿ ಬೇಯಿಸಿದಂತೆಯೇ. ಪ್ರಯಾಣಕ್ಕೆ ಮಾತ್ರ ಪೆಟ್ಟಿಗೆ. ವಿಮಾನದಲ್ಲಿ ಹೋಗುವವರು ಬ್ಲೇಡನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲವೆಂಬುದು ನೆನಪಿರಲಿ. ಕೊಳವೆಬಾವಿಯ ಗಡಸು ನೀರು ಬಿಡುವ ಬಿಳಿಯ ಪೊರೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷೂ ಸಾಬೂನೂ ಸಾಕು.

ಅಣ್ಣನ ರೇಜರನ್ನು ತಮ್ಮ ಬಳಸುವುದು ನಮ್ಮ ಮನೆಗಳಲ್ಲಿ ಮಾಮೂಲು. ಕಾಮಾಲೆಗೆ ಕಾರಣವಾದ ಹೆಪಟೈಟಿಸ್ ಬಿ ಎಂಬ ರೋಗಾಣು ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವಂತವಾಗಿರಬಲ್ಲುದು. ಸಹೋದರಪ್ರೇಮವನ್ನು ಬೇರೆ ವಸ್ತುಗಳಲ್ಲಿ ತೋರಿಸಬಹುದು.

ಬಳಸಿದ ಬ್ಲೇಡಿನ ವಿಚಾರವೊಂದು ಉಳಿದಿದೆ. ಅಮೆರಿಕದ ಹಳೆಯ ಮನೆಗಳಲ್ಲಿ ಕನ್ನಡಿಯ ಬೀರುವಿನ ಹಿಂದೆ ಒಂದು ಸೀಳು ಇರುತ್ತಿತ್ತು. ಬ್ಲೇಡನ್ನು ಅದರೊಳಗೆ ತಳ್ಳಿದರೆ ಗೋಡೆಯ ಪೊಳ್ಳಿನಲ್ಲಿ ಬಿದ್ದು ಅಲ್ಲಿಯೇ ಇರುತ್ತಿತ್ತು. ಈಗ ಗೋಡೆ ಒಡೆದವರಿಗೆ ತುಕ್ಕು ಬ್ಲೇಡಿನ ರಾಶಿ ಸಿಕ್ಕುವುದುಂಟು. ನಮಗೆ ಅಷ್ಟು ಬುದ್ಧಿಯೂ ಇರಲಿಲ್ಲ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದೆವು. ಒಂದು ದಿನ ಬೆಳಿಗ್ಗೆ ನಮ್ಮ ಬೀದಿಯ ಕಸ ಒಯ್ಯುವ ಹೆಂಗಸು ಬಾಗಿಲಿಗೆ ಬಂದು, ಬಟ್ಟೆ ಸುತ್ತಿದ ಹೆಬ್ಬೆರಳನ್ನು ತೋರಿಸಿ, "ಈ ಮನೇದಾ ಸ್ವಾಮಿ, ನೋಡಿ," ಎಂದು ನಾವು ಬಳಸುವ ಗುರುತಿನ ಬ್ಲೇಡನ್ನೇ ಮೆಟ್ಟಿಲ ಮೇಲಿಟ್ಟಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಬ್ಲೇಡು ನಮ್ಮದೇ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿ ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿದೆವು. ಹದಿನೈದು ದಿನ ಅವಳ ಬದಲಿಗೆ ಅವಳ ಮಗಳು ಗಾಡಿ ತಳ್ಳಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಪುಡಿಯ ತಗಡಿನ ಡಬ್ಬಿಯೊಂದಿದೆ. ಮುಚ್ಚಳವನ್ನು ಮೇಣದಿಂದ ಭದ್ರಪಡಿಸಿ, ನೆತ್ತಿಯ ಮೇಲೆ ಬ್ಲೇಡು ತೂರುವಷ್ಟು ಸೀಳು ತೆಗೆಸಿದ್ದೇವೆ. ಐದಾರು ಕ್ಷೌರಕ್ಕೆ ಒಂದರಂತೆ ವರ್ಷಕ್ಕೆ ಅರವತ್ತು ಎಪ್ಪತ್ತು ಬ್ಲೇಡು. ಒಪ್ಪವಾಗಿ ಪೇರಿಸಿದರೆ ಏಳು ಮಿಲಿಮೀಟರು ಎತ್ತರವೂ ಮೀರದು. ಅಡ್ಡಾದಿಡ್ಡಿಯಾಗಿ ಬಿದ್ದರೂ ಡಬ್ಬಿ ತುಂಬಲು ಎಷ್ಟೋ ವರ್ಷ ಬೇಕು. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಮೇಲೆ ದಪ್ಪಕ್ಷರದಲ್ಲಿ "ಬ್ಲೇಡು" ಎಂದು ಬರೆದು, ಬೇರೆಯಾಗಿಯೇ ಕೈಗೆ ಕೊಡುವುದೆಂದು ಅವಳೊಡನೆ ಮಾತಾಗಿದೆ. ಆಗಾಗ ಬಾಗಿಲಲ್ಲಿ ನಿಂತು, "ಡಬ್ಬಿ ತುಂಬಿತಾ ಸ್ವಾಮಿ?" ಎಂದು ಕೇಳುತ್ತಾಳೆ. ಇನ್ನೂ ಕಾಲು ಭಾಗವೂ ಆಗಿಲ್ಲ.